ಸೋಡಾ ಮಾವನ ಎಡಗೆನ್ನೆ

ಅವನನ್ನು ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದವನು ಅಂಚೆಯವನು ಮಾತ್ರ. ಉಳಿದವರಿಗೆಲ್ಲ ಅವನು ಸೋಡಾ ಮಾವ. ದಿನಾ ಸಂಜೆ ಏಳೂವರೆಗೆ ಬರುತ್ತಿದ್ದ ಧಾರಾವಾಹಿಯಲ್ಲಿ ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಫ್ರಿಜ್ಜನ್ನು ನೆಂಟರೆಂದು ತಿಳಿದು "ಯಾವಾಗ ಬಂದ್ರಿ? ನಿಂತೇ ಇದೀರಲ್ಲ, ಕೂತ್ಕೊಳ್ಳಿ" ಅನ್ನುತ್ತಿದ್ದ ಮಾವ ಅವನು. ಬಸ್ಸು ಹತ್ತಿದರೆ ಮಕ್ಕಳು ಕಂಬ ತೋರಿಸಿ "ಮಾವಾ, ಇವರು ಯಾರು ಹೇಳಿ" ಎಂದು ಕೇಳುತ್ತಿದ್ದವು. ಅವನು ಕಂಬದ ಯೋಗಕ್ಷೇಮ ವಿಚಾರಿಸುತ್ತಿದ್ದ. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಮೊದಲು ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಕೆಲಸದಲ್ಲಿದ್ದ. ಹದಿನಾಲ್ಕು ವರ್ಷ. ಒಮ್ಮೆ ಯಂತ್ರದಿಂದ ಸಿಡಿದ ಚೂರೊಂದು ಬಲಗೆನ್ನೆಗೆ ನಾಟಿ ಕಣ್ಣಿನ ಕೆಳಗಿಂದ ತುಟಿಯ ಹತ್ತಿರದವರೆಗೆ ಗೀರು ಉಳಿದಿತ್ತು. ಭಾನುವಾರ ನಾಟಕದ ತಾಲೀಮಿಗೆ ಹೋಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ, ಅಂದರೆ ಮಾಧ್ಯಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರಮ್ಮ, ಅಡುಗೆಮನೆಯ ದೀಪದ ಕೆಳಗೆ ಅವನನ್ನು ನಿಲ್ಲಿಸಿ ಮಾತು ಹೇಳಿಸುತ್ತಿದ್ದಳು. ಹೊಗಳುವ ಜಾಯಮಾನ ಅವಳದಲ್ಲ. ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು.

"ಎಡಗೆನ್ನೆ ದೀಪದ ಕಡೆ ತಿರುಗಿಸ್ರೀ," ಎಂದಿದ್ದಳು ಒಂದು ಸಲ. "ಆ ಕಡೆಯಿಂದ ಬೆಳಕು ಬಂದ್ರೆ ಮುಖ ಚೆನ್ನಾಗಿ ಕಾಣುತ್ತೆ. ಗೀರು ಮರೆಯಾಗುತ್ತೆ. ಜನ ಗೀರು ನೋಡ್ತಾ ಕೂತ್ರೆ ನಿಮ್ಮ ಮಾತು ಯಾರು ಕೇಳ್ತಾರೆ?"

ಅಂದಿನಿಂದ ಅವನು ಎಲ್ಲಿ ನಿಂತರೂ ಮೊದಲು ದೀಪ ಎಲ್ಲಿದೆ ಎಂದು ನೋಡಿ, ಎಡಗೆನ್ನೆಯನ್ನು ಅದಕ್ಕೆ ಒಪ್ಪಿಸಿ, ಆಮೇಲೆ ಬಾಯಿ ತೆರೆಯುತ್ತಿದ್ದ. ಬರಬರುತ್ತ ಅದು ಉಸಿರಾಡಿದಷ್ಟೇ ಸಲೀಸಾಯಿತು.

ಸಿನಿಮಾದಲ್ಲಿ ಸಿಕ್ಕ ಮೊದಲ ಪಾತ್ರ ಹೋಟೆಲಿನ ಸಪ್ಲೈಯರ್‌ನದು. "ಬಿಲ್ ತರ್ಲಾ ಸಾರ್?" ಅಷ್ಟೇ ಮಾತು. ಅದನ್ನು ಒಂದು ವಾರ ಮನೆಯಲ್ಲಿ ಬಗೆಬಗೆಯಾಗಿ ಹೇಳಿ ಹೇಳಿ, ಕೊನೆಗೆ ಟೀಚರಮ್ಮ "ಇನ್ನೊಂದು ಸಲ ಬಿಲ್ ಅಂದ್ರೆ ನಾನೇ ಎದ್ದು ಕೊಟ್ಟುಬಿಡ್ತೀನಿ" ಎಂದು ಗದರಿದ್ದಳು. ಚಿತ್ರ ಬಿಡುಗಡೆಯಾದಾಗ ನಾಯಕನ ಕುರ್ಚಿಯ ಹಿಂದೆ ಅವನ ಒಂದು ಕಿವಿ ಕಾಣಿಸಿತು. ಎಡಗಿವಿ.

ಹೀಗೆ ಆಳು, ಗುಮಾಸ್ತ, ಮೂರನೇ ಪೊಲೀಸು ಆಗುತ್ತ ಆಗುತ್ತ ಧಾರಾವಾಹಿಯಲ್ಲಿ ನಾಲ್ಕು ದಿನದ ಮಾವನ ಪಾತ್ರ ಬಂತು. ಕನ್ನಡಕವನ್ನು ಅವನೇ ಅಂಗಡಿಯಲ್ಲಿ ತಯಾರಿಸಿಕೊಂಡು ಹೋದ. ಬೇರೆ ನಟರಾಗಿದ್ದರೆ ಬರೀ ಗಾಜು ಹಾಕಿಸುತ್ತಿದ್ದರು. ಇವನು ನಿಜವಾದ ದಪ್ಪ ಲೆನ್ಸನ್ನೇ ಕೂರಿಸಿದ್ದ. ಹಾಕಿಕೊಂಡರೆ ಎದುರಿನದೆಲ್ಲ ಮಂಜು. ಮೊದಲ ಶಾಟ್‌ನಲ್ಲೇ ಸೋಫಾಕ್ಕೆ ಎಡವಿ, ಸಾವರಿಸಿಕೊಂಡು, ಅದರ ಕ್ಷಮೆ ಕೇಳಿದ. ಅದು ಬರೆದಿದ್ದ ಮಾತಲ್ಲ. ನಿರ್ದೇಶಕಿ ಕುರ್ಚಿಯಿಂದ ಜಾರುವಷ್ಟು ನಕ್ಕರು. "ಇವರನ್ನ ಊರಿಗೆ ಕಳಿಸ್ಬೇಡಿ, ಮನೇಲೇ ಇಟ್ಕೊಳ್ಳಿ" ಎಂದು ಕತೆ ಬರೆಯುವವರಿಗೆ ಹೇಳಿದರು. ನಾಲ್ಕು ದಿನಕ್ಕೆ ಬಂದ ಮಾವ ಒಂಬತ್ತು ವರ್ಷ ಆ ಮನೆಯಲ್ಲೇ ಉಳಿದ.

ಆಗ ಮಗಳಿಗೆ ಏಳು ವರ್ಷ. ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತಿದ್ದರು, ಕೂತಲ್ಲಿ ಕೂರುವವಳಲ್ಲ ಎಂಬ ಕಾರಣಕ್ಕೆ. ಸಂಜೆ ಅಪ್ಪ ಚಪ್ಪಲಿ ಬಿಡುವ ಮೊದಲೇ "ಇವತ್ತು ಯಾವುದಕ್ಕೆ ಡಿಕ್ಕಿ ಹೊಡೆದೆಯಪ್ಪಾ?" ಎಂಬ ಪ್ರಶ್ನೆ ಬಾಗಿಲಿಗೆ ಬರುತ್ತಿತ್ತು. ಊಟ ಮಾಡುತ್ತ ಪುಸ್ತಕ ಓದುವಾಗ ಪುಟವನ್ನು ಮೊಣಕೈಯಿಂದ ತಿರುವುತ್ತಿದ್ದಳು. ಅಪ್ಪ ಸ್ನಾನಕ್ಕೆ ಹೋಗಿ ತಡಮಾಡಿದರೆ ಬಾಗಿಲನ್ನು ಎರಡು ಬೆರಳಲ್ಲಿ ತಬಲಾದಂತೆ ಬಾರಿಸುತ್ತಿದ್ದಳು. ಬೇಸಿಗೆಯಲ್ಲೂ ಅವಳ ಪಾದ ತಣ್ಣಗೆ. ಕಾಲುಚೀಲ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಹಿತ್ತಲ ತಂತಿಯ ಮೇಲೆ ಯಾವಾಗಲೂ ಜೋಡಿ ತಪ್ಪಿದ ಕಾಲುಚೀಲಗಳು ಒಣಗುತ್ತಿದ್ದವು.

ಹದಿನಾರನೇ ವರ್ಷದಲ್ಲಿ ಅವಳಿಗೆ ಜ್ವರ ಬಂತು. ಸೋಮವಾರ ಬರೀ ಜ್ವರ. ಬುಧವಾರ ಮಾತು ತೊದಲಿತು. ಅವನಿಗೆ ಸೆಟ್ಟಿಗೆ ಫೋನು ಬಂದಾಗ ಅವನು ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಮುಂದಿದ್ದ. ಶಾಟ್ ಮುಗಿಯುವವರೆಗೆ ಯಾರೂ ಕರೆಯಲಿಲ್ಲ. ಜ್ವರ ಮಿದುಳಿಗೆ ಏರಿದೆ ಎಂದರು ಡಾಕ್ಟರು. ಶನಿವಾರ ಬೆಳಗ್ಗೆ ಹತ್ತೂವರೆಗೆ ಯಂತ್ರಗಳನ್ನು ಒಂದೊಂದಾಗಿ ಆರಿಸಿದರು.

ಟೀಚರಮ್ಮ ಅಳಲಿಲ್ಲ. ಹೊದಿಕೆಯಾಚೆ ಚಾಚಿಕೊಂಡಿದ್ದ ಮಗಳ ಪಾದಗಳನ್ನು ನೋಡಿದಳು. ಬಗ್ಗಿ, ಎರಡೂ ಅಂಗೈಯಲ್ಲಿ ಹಿಡಿದು ಉಜ್ಜತೊಡಗಿದಳು. ಆಮೇಲೆ ತಲೆಯೆತ್ತಿ ನರ್ಸಿಗೆ, ತರಗತಿಯಲ್ಲಿ ಬಳಪ ಕೇಳುವಷ್ಟೇ ಮೆಲ್ಲಗೆ ಹೇಳಿದಳು:

"ಯಾರಾದ್ರೂ ಒಂದು ಜೊತೆ ಕಾಲುಚೀಲ ಕೊಡಿ. ಕಾಲು ತಣ್ಣಗಿದ್ರೆ ಅವಳಿಗೆ ನಿದ್ದೆ ಬರಲ್ಲ."

ಕೋಣೆಯಲ್ಲಿ ಇದ್ದವರು ಮೂವರೇ. ನರ್ಸ್ ಮುಖ ತಿರುಗಿಸಿಕೊಂಡಳು. ಅವನು ಗೋಡೆಗೆ ಆತು ನಿಂತಿದ್ದ.

ಮುಂದಿನ ಎರಡು ವಾರ ಅವರ ಮನೆಯಲ್ಲಿ ಕುಕ್ಕರು ಕೂಗಿದರೂ ಬೆಚ್ಚಿಬೀಳುವಂತಹ ಮೌನ. ತಂತಿಯ ಮೇಲಿದ್ದ ಕಾಲುಚೀಲಗಳನ್ನು ತೆಗೆಯಲು ಇಬ್ಬರಿಗೂ ಕೈ ಬರಲಿಲ್ಲ. ನಿರ್ದೇಶಕಿ ಫೋನು ಮಾಡಿ "ನೀವು ಬರೋವರೆಗೂ ಮಾವ ಊರಿಗೆ ಹೋಗಿರ್ತಾರೆ, ಆತುರ ಏನಿಲ್ಲ" ಎಂದಿದ್ದರು. ಹದಿನೈದನೆಯ ದಿನ ಟೀಚರಮ್ಮನೇ ಹೇಳಿದಳು, "ಹೋಗಿ ಬನ್ನಿ. ಇಬ್ಬರೂ ಒಂದೇ ಗೋಡೆ ನೋಡ್ತಾ ಕೂತು ಏನು ಮಾಡೋದು?"

ಅವನು ಹೋದ. ಆ ಹೊತ್ತಿಗೆ ಧಾರಾವಾಹಿಯಲ್ಲಿ ಹಿರಿಯ ಮಗ ಸಾಯುವುದಿತ್ತು. ಆ ಪಾತ್ರ ಮಾಡುತ್ತಿದ್ದ ಹುಡುಗನಿಗೆ ಸಿನಿಮಾದಲ್ಲಿ ನಾಯಕನಾಗುವ ಅವಕಾಶ ಬಂದಿತ್ತು. ಅದಕ್ಕೇ ಸಾವು. ಇಡೀ ಮನೆ ಅಳುವ ದೃಶ್ಯ. ಮಾವನಿಗೂ ಒಂದು ಮಾತು ಇಟ್ಟಿದ್ದರು: "ದೇವರೇ, ಈ ಮುದಿಜೀವ ನಿನ್ನ ಕಣ್ಣಿಗೆ ಬೀಳಲಿಲ್ಲವೇ?"

ನಿರ್ದೇಶಕಿ ಅವನನ್ನು ಪಕ್ಕಕ್ಕೆ ಕರೆದರು. "ನೀವು ಇದರಲ್ಲಿ ಇರಬೇಕಾಗಿಲ್ಲ. ಹಿಂದೆ ಎಲ್ಲೋ ನಿಂತಿರಿ ಸಾಕು. ಇಲ್ಲ, ಮನೆಗೆ ಹೋಗ್ತೀರಾ?"

"ಇಲ್ಲ ಮೇಡಂ. ಮಾಡ್ತೀನಿ."

ಯಾಕೆ ಹಾಗೆಂದನೋ ಅವನಿಗೇ ಗೊತ್ತಿರಲಿಲ್ಲ. ಕ್ಯಾಮೆರಾ ಓಡಿತು. ಉಳಿದವರು ಎದೆ ಬಡಿದುಕೊಂಡು ಅತ್ತರು. ಮಾವ ಹೊಸ್ತಿಲಲ್ಲಿ ಬಂದು ನಿಂತ. ಕನ್ನಡಕ ತೆಗೆದ. ಒಂಬತ್ತು ವರ್ಷದಲ್ಲಿ ಆ ಕಣ್ಣುಗಳನ್ನು ಜನ ನೋಡಿದ್ದು ಅದೇ ಮೊದಲು. ಮಂಚದ ತುದಿಯಲ್ಲಿ ಕೂತು, ಮಲಗಿದ್ದ ಹುಡುಗನ ಪಾದಗಳನ್ನು ಎರಡೂ ಅಂಗೈಯಲ್ಲಿ ಹಿಡಿದು ಉಜ್ಜತೊಡಗಿದ.

"ಯಾರಾದ್ರೂ ಒಂದು ಜೊತೆ ಕಾಲುಚೀಲ ಕೊಡಿ," ಎಂದ. "ಕಾಲು ತಣ್ಣಗಿದ್ರೆ ಇವನಿಗೆ ನಿದ್ದೆ ಬರಲ್ಲ."

ಕಟ್ ಹೇಳಬೇಕಾದವರು ಹೇಳಲಿಲ್ಲ. ದೀಪದ ಕೆಲಸದವನು ಕತ್ತಲಲ್ಲಿ ತಿರುಗಿ ನಿಂತು ಮೂಗು ಒರೆಸಿಕೊಂಡ. ಸತ್ತಂತೆ ಮಲಗಿದ್ದ ಹುಡುಗನ ಮುಚ್ಚಿದ ಕಣ್ಣಿಂದ ನೀರು ಇಳಿದು ಶಾಟ್ ಹಾಳಾಗಬೇಕಿತ್ತು. ನಿರ್ದೇಶಕಿ ಅದನ್ನೇ ಇಟ್ಟುಕೊಂಡರು. ಎಲ್ಲರೂ ಬಂದು ಅವನನ್ನು ತಬ್ಬಿಕೊಂಡರು.

ತಬ್ಬಿಕೊಂಡವರಿಗೆ ಗೊತ್ತಿಲ್ಲದ್ದು ಒಂದಿತ್ತು. ಅವನ ದುಃಖ ನಿಜ, ಕಣ್ಣೀರು ನಿಜ. ಆದರೆ ಮಾತು ಆಡುವ ಮುಂಚಿನ ಒಂದು ಕ್ಷಣದಲ್ಲಿ ಅವನು ದೀಪ ಎಲ್ಲಿದೆ ಎಂದು ನೋಡಿದ್ದ. ನೋಡಿ, ತಿರುಗಿದ್ದ.

ಆ ಸಂಚಿಕೆ ಪ್ರಸಾರವಾಗಲು ಹನ್ನೆರಡು ದಿನವಿತ್ತು. ದಿನಾ ಬೆಳಗ್ಗೆ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುವನು. ಅವಳು ಚಹಾ ತಂದಿಟ್ಟರೆ ಮಾತು ಗಂಟಲಿಗೆ ಬಂದು ಚಹಾದ ಜೊತೆ ಕೆಳಗಿಳಿಯುತ್ತಿತ್ತು. ಮನೆಯಲ್ಲಿ ಟೀವಿ ಹಾಕುತ್ತಿರಲಿಲ್ಲವಲ್ಲ, ಅವಳ ಕಣ್ಣಿಗೆ ಬೀಳಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪ್ರೋಮೋ ಎಂಬುದೊಂದಿದೆ ಎನ್ನುವುದು, ಅದೇ ಕಸುಬಿನವನಾಗಿಯೂ, ಅವನಿಗೆ ಹೊಳೆಯಲೇ ಇಲ್ಲ.

ವಾಹಿನಿಯವರು ಆ ಒಂದು ಮಾತನ್ನು ಕತ್ತರಿಸಿ ತಾಸಿಗೊಮ್ಮೆ ತೋರಿಸಿದರು. ಟೀಚರಮ್ಮ ಶಾಲೆಗೆ ಮರಳಿದ ಮೂರನೇ ದಿನ, ಸ್ಟಾಫ್ ರೂಮಿನಲ್ಲಿ, ಡ್ರಾಯಿಂಗ್ ಟೀಚರು ಕಣ್ಣೊರೆಸಿಕೊಳ್ಳುತ್ತ ಮೊಬೈಲನ್ನು ಅವಳ ಕೈಗಿಟ್ಟರು. "ನಿಮ್ಮ ಯಜಮಾನ್ರು ನೋಡಿ, ಕರುಳು ಕಿತ್ತು ಬರುತ್ತೆ."

ಸಂಜೆ ಅವನು ಬಂದಾಗ ಅವಳು ಹಿತ್ತಲಲ್ಲಿದ್ದಳು. ತಂತಿ ಖಾಲಿಯಾಗಿತ್ತು. ಕಾಲುಚೀಲಗಳೆಲ್ಲ ಅವಳ ಮಡಿಲಲ್ಲಿದ್ದವು.

"ನೋಡಿದೆ," ಎಂದಳು.

ಅವನು ಹಿತ್ತಲ ಬಾಗಿಲಲ್ಲೇ ನಿಂತ. "ಹೇಳ್ಬೇಕು ಅಂತಾನೇ ಇದ್ದೆ ಕಣೇ. ಬಾಯಿಗೆ ಬಂದುಬಿಡ್ತು. ನಾನು ಬೇಕಂತ..."

"ಅದು ನನ್ನ ಮಾತು," ಎಂದಳು ಅವಳು. ದನಿ ಏರಲಿಲ್ಲ. "ಅವಳಿಗೋಸ್ಕರ ನಾನು ಕೇಳಿದ ಕೊನೇ ಮಾತು. ಇನ್ನು ಮೇಲೆ ಅದು ಟೀವೀದು."

"ನನಗೂ ಅವಳು ಮಗಳೇ ಅಲ್ವೇನೇ? ಅಳು ತಡೆಯೋಕಾಗಲಿಲ್ಲ."

"ಅಳ್ತಾ ಇದ್ರಿ, ಸರಿ. ಅದು ಸುಳ್ಳು ಅಂತ ನಾನು ಹೇಳಲ್ಲ." ಅವಳು ತಲೆಯೆತ್ತಿ ನೇರ ಅವನನ್ನು ನೋಡಿದಳು. "ಎಡಗೆನ್ನೆ ಯಾಕೆ ತಿರುಗಿಸಿದ್ರಿ?"

ಲೋಕದಲ್ಲಿ ಆ ಪ್ರಶ್ನೆ ಕೇಳಬಲ್ಲವಳು ಅವಳೊಬ್ಬಳೇ.

ಅಲ್ಲಿಂದ ಅವನ ಯೋಗ ತಿರುಗಿತು ಎಂದೇ ಪತ್ರಿಕೆಗಳು ಬರೆದವು. ಪ್ರಶಸ್ತಿ ಬಂತು. ಸಿನಿಮಾದವರು ಮನೆ ಹುಡುಕಿಕೊಂಡು ಬಂದರು. ನಗಿಸುವ ಪಾತ್ರ ಹೇಳುವವರೇ ಇಲ್ಲವಾದರು. ಮಗನನ್ನು ಕಳೆದುಕೊಂಡ ಅಪ್ಪ, ಮಗಳನ್ನು ಕಳೆದುಕೊಂಡ ಅಪ್ಪ, ಯುದ್ಧಕ್ಕೆ ಹೋದವನ ಅಪ್ಪ. ಕಿವಿ ಮಾತ್ರ ಕಾಣಿಸುತ್ತಿದ್ದವನ ಮುಖ ಈಗ ಗೋಡೆಗೋಡೆಯ ಮೇಲಿನ ಪೋಸ್ಟರಿನಲ್ಲಿ ಕಣ್ಣೀರು ಸುರಿಸುತ್ತಿತ್ತು. ಕೂರಲು ವ್ಯಾನು, ಕೊಡೆ ಹಿಡಿಯಲು ಒಬ್ಬ ಆಳು.

ಹೀಗೆ ಬಂದ ಮೊದಲ ಸಿನಿಮಾದ ನಿರ್ದೇಶಕ ಭುಜದ ಮೇಲೆ ಕೈಯಿಟ್ಟು ಕೇಳಿದ, "ಸಾರ್, ಡೈಲಾಗ್ ಪಕ್ಕಕ್ಕಿಡಿ. ಆ ಕಾಲುಚೀಲದ ಥರ ಏನಾದ್ರೂ ನೀವೇ ಕೊಡಿ."

ಅವನು ವ್ಯಾನಿನಲ್ಲಿ ಒಬ್ಬನೇ ಕೂತು ಯೋಚಿಸಿದ. ಹೊರಗೆ ಬಂದವನು, ಸತ್ತ ಮಗಳ ಪುಸ್ತಕವನ್ನು ಊಟದ ಮೇಜಿನ ಮೇಲಿಟ್ಟು ಪುಟವನ್ನು ಮೊಣಕೈಯಿಂದ ತಿರುವಿದ. ಸೆಟ್ಟು ಸ್ತಬ್ಧವಾಯಿತು. ಎರಡನೇ ಸಿನಿಮಾದಲ್ಲಿ, ಖಾಲಿ ಬಚ್ಚಲುಮನೆಯ ಬಾಗಿಲ ಮೇಲೆ ಎರಡು ಬೆರಳಲ್ಲಿ ತಬಲಾ ಬಾರಿಸಿದ. ಮೂರನೆಯದರಲ್ಲಿ, ಚಪ್ಪಲಿ ಬಿಡುತ್ತ "ಇವತ್ತು ಯಾವುದಕ್ಕೆ ಡಿಕ್ಕಿ ಹೊಡೆದೆ ಅಂತ ಕೇಳೇ" ಎಂದು ಯಾರೂ ಇಲ್ಲದ ಕೋಣೆಗೆ ಹೇಳಿದ. ಒಂದೊಂದನ್ನೂ ಕೊಡುವಾಗ ಇದೊಂದೇ, ಇನ್ನು ಕೊಡುವುದಿಲ್ಲ ಎಂದುಕೊಳ್ಳುತ್ತಿದ್ದ. ಕೊಟ್ಟ ಮೇಲೆ ಅದಕ್ಕಿಂತ ಆಳವಾದದ್ದನ್ನು ಕೇಳುವವರು ಬರುತ್ತಿದ್ದರು.

ಟೀಚರಮ್ಮ ಅವನ ಯಾವ ಸಿನಿಮಾವನ್ನೂ ನೋಡಲಿಲ್ಲ. ಜಗಳವೂ ಆಡಲಿಲ್ಲ. ಅನ್ನ ಬಡಿಸುತ್ತಿದ್ದಳು, ಅಂಗಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಆದರೆ ಅವನಿರುವಾಗ ಚೂಟಿಯ ಹೆಸರೆತ್ತುವುದನ್ನು ನಿಲ್ಲಿಸಿದಳು. ಅವನು ಊಟದ ನಡುವೆ "ಅವಳಿಗೆ ಇದು ಇಷ್ಟ ಇತ್ತು ಅಲ್ವಾ?" ಎಂದರೆ, ಅವಳು ನೀರಿನ ಲೋಟ ಅವನ ಕಡೆ ಸರಿಸುತ್ತಿದ್ದಳು, ಅಷ್ಟೆ. ಮಗಳ ಕೋಣೆಯ ಬೀಗದ ಕೈ ಅವಳ ಬ್ಯಾಗಿನಲ್ಲಿರುತ್ತಿತ್ತು. ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಬೇರೆ ಊರಿನ ಶಾಲೆಗೆ ವರ್ಗ ಕೇಳಿ ಪಡೆದುಕೊಂಡಳು. ಹೋಗುವ ದಿನ ಅವನು ಚಿತ್ರೀಕರಣದಲ್ಲಿದ್ದ. ಮಗಳನ್ನು ಬೀಳ್ಕೊಡುವ ಅಪ್ಪನ ಪಾತ್ರ. ಮನೆಗೆ ಬಂದಾಗ ಮಗಳ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಬರೀ ಮಂಚ.

ಅವನಿಗೆ ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ವರ್ಷ, ಒಂದು ಮಧ್ಯಾಹ್ನ, ಮೇಕಪ್ಪಿನ ಕುರ್ಚಿಯಲ್ಲಿ. ದೃಶ್ಯಕ್ಕೆ ಅಳು ಬೇಕಿತ್ತು. ಕಣ್ಣು ಮುಚ್ಚಿ ಮಗಳ ಪಾದ ನೆನೆಸಿಕೊಂಡ. ಬಂದದ್ದು ಧಾರಾವಾಹಿಯಲ್ಲಿ ಸತ್ತಂತೆ ಮಲಗಿದ್ದ ಹುಡುಗನ ಪಾದ, ಹಿಮ್ಮಡಿಗೆ ಬಳಿದ ಪೌಡರಿನ ಸಮೇತ. ಗಾಬರಿಯಾಗಿ ಬಾಗಿಲು ಬಾರಿಸುವ ಬೆರಳನ್ನು ನೆನೆದ. ಬಂದದ್ದು ತನ್ನದೇ ಬೆರಳು, ತೆರೆಯ ತುಂಬ, ದೊಡ್ಡದಾಗಿ. ಪುಟ ತಿರುವುವ ಮೊಣಕೈ ತನ್ನದು. "ಡಿಕ್ಕಿ ಹೊಡೆದೆಯಪ್ಪಾ" ಎನ್ನುವ ದನಿ ಯಾರದೆಂದು ಹುಡುಕಿದರೆ, ಡಬ್ಬಿಂಗ್ ಕೋಣೆಯಲ್ಲಿ ತಾನೇ ಹದಿನಾಲ್ಕು ಸಲ ಹೇಳಿದ್ದು ಕಿವಿಯಲ್ಲಿ ಮೊಳಗಿತು. ಚೂಟಿ ಎಲ್ಲಿಯೂ ಇರಲಿಲ್ಲ. ಅವಳನ್ನು ಅವನು ತುಂಡು ತುಂಡಾಗಿ ಹಂಚಿ ಮುಗಿಸಿದ್ದ.

"ಸಾರ್, ಕಣ್ಣಿಗೆ ಗ್ಲಿಸರಿನ್ ಹಾಕ್ಲಾ?" ಎಂದು ಮೇಕಪ್ಪಿನವಳು ಕೇಳಿದಳು.

"ಹಾಕಮ್ಮ," ಎಂದ.

ಆ ಚಿತ್ರ ಮುಗಿಸಿ ಮತ್ತೊಂದಕ್ಕೆ ಒಪ್ಪಲಿಲ್ಲ. ಬಂದವರಿಗೆಲ್ಲ ಆರೋಗ್ಯ ಸರಿಯಿಲ್ಲ ಎಂದ. ಅವರು ಬೇರೆ ಅಪ್ಪನನ್ನು ಹುಡುಕಿಕೊಂಡರು. ಚಿತ್ರರಂಗದಲ್ಲಿ ಅಪ್ಪಂದಿರಿಗೆ ಬರವಿಲ್ಲ. ಒಂದು ಭಾನುವಾರ ಬೆಳಗ್ಗೆ ಅವನು ಬಸ್ಸು ಹತ್ತಿ ಹೆಂಡತಿಯ ಊರಿಗೆ ಹೋದ. ಮಹಡಿಯ ಮೇಲೆ ಎರಡು ಕೋಣೆಯ ಮನೆ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲೇ ಅಡ್ಡಗಟ್ಟಿ, "ಅಯ್ಯೋ, ಸೋಡಾ ಮಾವ ಅಲ್ವಾ! ಎಷ್ಟು ಸೊರಗಿದೀರಿ. ಮೊದಲೆಲ್ಲ ಎಷ್ಟು ನಗಿಸ್ತಿದ್ರಿ, ಈಗ ಯಾಕಪ್ಪ ಬರೀ ಅಳಿಸ್ತೀರಿ?" ಎಂದಳು.

ಟೀಚರಮ್ಮ ಬಾಗಿಲು ತೆರೆದಳು. ತಲೆ ಪೂರ್ತಿ ನೆರೆತಿತ್ತು. "ಬನ್ನಿ," ಎಂದಳು, ನಿನ್ನೆಯಷ್ಟೇ ಹೋಗಿ ಬಂದವನಿಗೆ ಹೇಳುವಂತೆ. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು. ಚಹಾ ಕೊಟ್ಟಳು. ಅವನು ಅರ್ಧ ಕುಡಿದು ಲೋಟ ಕೆಳಗಿಟ್ಟ.

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ ಕಣೇ. ಅದಕ್ಕೆ ನನಗೆ ಮುಖ ಇಲ್ಲ."

"ಮತ್ತೆ?"

"ನನ್ನ ಹತ್ರ ಅವಳು ಇಲ್ಲ. ಹುಡುಕಿದ್ರೆ ಎಲ್ಲಾ ಸಿನಿಮಾನೇ ಬರುತ್ತೆ. ನಿನ್ನ ಹತ್ರ ಇದಾಳಲ್ಲ... ಒಂದು ಏನಾದ್ರೂ ಹೇಳು. ಒಂದೇ ಒಂದು. ನಾನು ನೋಡಿರದೇ ಇರೋದು. ಶೂಟಿಂಗ್‌ಗೆ ಹೋಗಿದ್ದಾಗ ಅವಳು ಏನು ಮಾಡ್ತಿದ್ಲು, ಏನು ಅಂತಿದ್ಲು..."

ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. ಉತ್ತರಪತ್ರಿಕೆಗಳ ಅಂಚು ಸರಿಮಾಡಿ ಪಕ್ಕಕ್ಕಿಟ್ಟಳು.

"ಇದೆ," ಎಂದಳು ಕೊನೆಗೆ. "ಬೇಕಾದಷ್ಟಿದೆ. ಆದ್ರೆ ಕೊಡಲ್ಲ."

"ನಾನು ಬಿಟ್ಟುಬಿಟ್ಟೆ. ನಿನ್ನಾಣೆ, ಇನ್ನು ಮಾಡಲ್ಲ."

"ಬಿಟ್ಟಿದೀರಿ ಅಂತ ನಂಬ್ತೀನಿ. ನೀವು ಸುಳ್ಳು ಹೇಳೋರಲ್ಲ. ಆದ್ರೆ ನಾನು ಹೇಳ್ತಾ ಇರುವಾಗ್ಲೇ ನೀವು ಅದನ್ನ ಹೇಗೆ ಮಾಡಬಹುದು ಅಂತ ನೋಡಿರ್ತೀರಿ. ಬೇಕಂತ ಅಲ್ಲ. ನಿಮ್ಮ ಕೈಲೇ ಇಲ್ಲ ಅದು." ಅವಳ ದನಿ ಮೊದಲ ಸಲ ಒಡೆಯಿತು. "ಕಲಿಸಿದವಳು ನಾನೇ. ಯಾರನ್ನ ಬೈಯಲಿ, ಹೇಳಿ?"

ಅವನು ತಲೆ ತಗ್ಗಿಸಿ ಕೂತ. ಅಳು ಬಂತು. ಎಷ್ಟೋ ವರ್ಷಗಳ ಮೇಲೆ ಕ್ಯಾಮೆರಾ ಇಲ್ಲದೆ, ಗ್ಲಿಸರಿನ್ ಇಲ್ಲದೆ ಬಂದ ಅಳು. ಕಿಟಕಿ ಯಾವ ಕಡೆಯಿದೆ ಎಂದು ಅವನಿಗೆ ಗೊತ್ತಿತ್ತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಎದ್ದು ಬಂದು ಸಮಾಧಾನ ಮಾಡಲಿಲ್ಲ. ಎದ್ದು ಹೋಗಲೂ ಇಲ್ಲ. ಅಳು ನಿಂತ ಮೇಲೆ ಆರಿದ ಚಹಾ ಚೆಲ್ಲಿ ಬಿಸಿಯದು ತಂದಳು.

ಆಮೇಲೆ ಅವನು ತಿಂಗಳಿಗೊಂದು ಭಾನುವಾರ ಹೋಗತೊಡಗಿದ. ಇಲ್ಲೇ ಇರಿ ಎಂದು ಅವಳು ಅನ್ನಲಿಲ್ಲ, ಬರಬೇಡಿ ಎಂದೂ ಅನ್ನಲಿಲ್ಲ. ಉಳಿದ ದಿನ ಅವನು ಜಾಹೀರಾತುಗಳಿಗೆ, ತರಬೇತಿ ಚಿತ್ರಗಳಿಗೆ ದನಿ ಕೊಟ್ಟು ಬದುಕುತ್ತಿದ್ದ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಔಷಧಿ ಮಕ್ಕಳ ಕೈಗೆ ಸಿಗದಂತೆ ಇಡಿ, ಇಂಥದ್ದು. ಅಳುವ ಕೆಲಸವಿರಲಿಲ್ಲ. ಭಾನುವಾರಗಳಲ್ಲಿ ಅವಳು ಉತ್ತರಪತ್ರಿಕೆ ತಿದ್ದುವಳು. ಅಂಕಗಳನ್ನು ಕೂಡುವ ಕೆಲಸ ಅವನ ಪಾಲಿಗೆ. ಅವನು ಕೂಡಿದ್ದನ್ನು ಅವಳು ಮತ್ತೊಮ್ಮೆ ಕೂಡಿ ನೋಡುವಳು.

ಒಂದು ಸಲ ಯಾರೋ ಹುಡುಗ ತ್ರಿಕೋನಕ್ಕೆ ನಾಲ್ಕು ಮೂಲೆ ಬರೆದು, ಕೆಳಗೆ "ಒಂದು ಹೆಚ್ಚಾಗಿದೆ, ದಯವಿಟ್ಟು ಬಿಟ್ಟುಬಿಡಿ ಟೀಚರ್" ಎಂದು ಬರೆದಿದ್ದ. ಅದನ್ನು ಓದಿ ಟೀಚರಮ್ಮನಿಗೆ ತಡೆಯಲಾಗದೆ ನಗು ಬಂತು. ಕೆಳತುಟಿ ಕಚ್ಚಿ, ಭುಜ ಕುಣಿಸಿ, ಮೂಗಿನಿಂದ ಸದ್ದು ಹೊರಡಿಸಿ ನಕ್ಕಳು. ಚೂಟಿ ನಗುತ್ತಿದ್ದದ್ದು ಥೇಟ್ ಹಾಗೆಯೇ. ಅವನಿಗೆ ಮರೆತೇ ಹೋಗಿತ್ತು. ಯಾವ ಸಿನಿಮಾಕ್ಕೂ ಕೊಟ್ಟಿರದಿದ್ದ ಒಂದು ಚೂರು, ಅವಳ ಅಮ್ಮನ ಮುಖದ ಮೇಲೆ ಬಂದು ಕೂತಿತ್ತು.

ನೋಡಬೇಕೆಂದು ಅವನ ಜೀವವೆಲ್ಲ ಕಣ್ಣಿಗೆ ಬಂತು. ನೋಡಿದರೆ ಕಲಿತುಬಿಡುತ್ತೇನೆ ಎಂದು ಹೆದರಿಕೆಯಾಯಿತು. ಅವನು ತಲೆ ಬಗ್ಗಿಸಿ ಮುಂದಿನ ಪತ್ರಿಕೆಯನ್ನು ಎಳೆದುಕೊಂಡು ಅಂಕಗಳನ್ನು ಕೂಡತೊಡಗಿದ. ನಗು ನಿಲ್ಲುವವರೆಗೂ ಮೇಲೆ ನೋಡಲಿಲ್ಲ.